ಸಂಸೆ ಬನ್ಸ್ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಮಾತು ಖಚಿತಪಡಿಸಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು, ಪ್ರಯೋಜನ ಏನು, ಸಂಬಂಧ ಎಂಥದು, ಓದುವ ಅಧಿಕಾರ ಯಾರಿಗೆ. ಅನುಬಂಧ ಚತುಷ್ಟಯವೆಂದು ಇದರ ಹೆಸರು. ಕಟ್ಟಳೆ ಮೀರುವ ಧೈರ್ಯ ಪ್ರಸ್ತುತ ಲೇಖಕನಿಗೆ ಇಲ್ಲ.

ವಿಷಯ: ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಳಸಕ್ಕೂ ಕುದುರೆಮುಖಕ್ಕೂ ನಡುವೆ ಬರುವ ಸಂಸೆಯಲ್ಲಿ, ಅದರ ಆಚೀಚೆಯ ರಸ್ತೆಬದಿಯ ಸಣ್ಣ ಹೋಟೆಲ್‌ಗಳಲ್ಲಿ ಹುಡುಕಿಕೊಂಡು ಹೋಗಿ ತಿನ್ನತಕ್ಕ ತಿಂಡಿಗಳು, ಅವುಗಳಲ್ಲೂ ಮುಖ್ಯವಾಗಿ ಬನ್ಸ್. ಪ್ರಯೋಜನ: ಹಸಿವಿನ ಶಮನ, ಮತ್ತು ಶಮನವಾದ ಹಸಿವು ಮಧ್ಯಾಹ್ನ ಒಂದು ಗಂಟೆಯ ತನಕ ಮರಳಿ ಬಾರದಿರುವುದು. ಸಂಬಂಧ: ಬನ್ಸಿಗೂ ಕಾಯಿಚಟ್ನಿಗೂ ಇರುವಂಥದು. ಚಟ್ನಿಯನ್ನು ಪಕ್ಕದ ಬಟ್ಟಲಲ್ಲಿ ಕೊಟ್ಟರೆ ತಾರ್ಕಿಕರ ಪರಿಭಾಷೆಯಲ್ಲಿ ಅದು ಸಂಯೋಗ. ತಟ್ಟೆಗೇ ಸುರಿದರೆ ಸಮವಾಯ, ಏಕೆಂದರೆ ಸುರಿದದ್ದನ್ನು ಬೇರ್ಪಡಿಸಲು ಬರುವುದಿಲ್ಲ. ಅಧಿಕಾರಿ: ಬೆಳಿಗ್ಗೆ ಒಂಬತ್ತರೊಳಗೆ ಹೋಟೆಲ್ ಮುಟ್ಟಿದವನು. ಈ ನಾಲ್ಕನೆಯ ಅನುಬಂಧದಲ್ಲಿ ಲೇಖಕ ಸತತ ಮೂರು ಸಲ ನಪಾಸಾಗಿದ್ದಾನೆ. ಶಾಸ್ತ್ರ ಹುಟ್ಟುವುದೇ ಹಾಗೆ. ಹೊತ್ತಿಗೆ ಸರಿಯಾಗಿ ಹೋಗಿ ತಿಂದು ಬಂದವರು ಗ್ರಂಥ ಬರೆದ ನಿದರ್ಶನವಿಲ್ಲ.

ಹೋಟೆಲ್‌ನ ಹೆಸರನ್ನು ಬೇಕೆಂದೇ ಬಿಟ್ಟಿದೆ. ಕಾರಣ ಶುದ್ಧ ಸ್ವಾರ್ಥ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿ ಶನಿವಾರ ನಸುಕಿಗೆ ಇಲ್ಲಿ ಇಳಿಯುವ ಚಾರಣಿಗರು ಈಗಾಗಲೇ ಮೊದಲ ಮೂರು ಒಬ್ಬೆಯನ್ನು ಕಬಳಿಸುತ್ತಿದ್ದಾರೆ. ನಾಲ್ಕನೆಯ ಒಬ್ಬೆಯ ವಿಳಾಸವನ್ನೂ ನಾನೇ ಅಚ್ಚು ಹಾಕಿಸಿದರೆ ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಸ್ಥಳನಾಮ ಪ್ರಕರಣ

ಮೀಮಾಂಸಕರು ಯಾವ ಅಧಿಕರಣ ಕಟ್ಟಿದರೂ ಅದಕ್ಕೆ ಐದು ಅಂಗ; ವಿಷಯದ ಬೆನ್ನಿಗೇ ಬರುವುದು ಸಂಶಯ. ಈ ‘ಸಂಶಯ’ ಹಳಗನ್ನಡಕ್ಕೆ ಬಂದಾಗ ‘ಸಂಸಯ’ ಆಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ನೀರಲ್ಲಿ ನೆನೆದು ಅದರ ಬಾಲ ಕೊಳೆತು ಬಿದ್ದು ‘ಸಂಸೆ’ ಉಳಿದಿರಬೇಕೆಂಬುದು ನನ್ನ ವಾದ. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಹಿರಿಯರೊಬ್ಬರ ಮುಂದೆ ಇದನ್ನು ಮಂಡಿಸಿದೆ. ಅವರು ಕೊಡೆ ಮಡಿಸುತ್ತಾ, “ಎಂತ ಮಾರಾಯ್ರೆ, ಬಸ್ಸು ತಪ್ಪಿತಾ?” ಎಂದರು. ಇದು ಖಂಡನೆಯಲ್ಲವಾದ್ದರಿಂದ ವಾದ ನಿಂತಿದೆ.

ಇನ್ನು ದೇಶವಿಚಾರ. ಕಳಸ–ಕಾರ್ಕಳ ಸೀಮೆಯನ್ನು ಆಳಿದ ಭೈರರಸರಿಗೆ ಘಟ್ಟದ ಮೇಲೆ ಕಳಸ, ಕೆಳಗೆ ಕಾರ್ಕಳ ಎಂದು ಎರಡು ರಾಜಧಾನಿ. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಈ ಮನೆತನದವನೇ. ಎರಡು ರಾಜಧಾನಿ ಇದ್ದ ಮೇಲೆ ಓಡಾಟ, ಓಡಾಟ ಇದ್ದ ಮೇಲೆ ಹಸಿವು, ಹಸಿವು ಇದ್ದ ಮೇಲೆ ತಿಂಡಿ. ಆಗ ಹೋಟೆಲ್ ಎಲ್ಲಿತ್ತು ಎಂದು ಕೇಳುವ ಕುಹಕಿಗಳಿಗೆ ಇಷ್ಟೇ ಉತ್ತರ: ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಲು ತರ್ಕಶಾಸ್ತ್ರ ಅಪ್ಪಣೆ ಕೊಟ್ಟಿದೆ, ಹಸಿವು ಕಂಡಲ್ಲಿ ಬಾಣಲೆಯನ್ನು ಊಹಿಸಿದರೆ ಮಾತ್ರ ಏನು ತಕರಾರು?

ಇವತ್ತೂ ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿದರೆ ಸಿಗುವುದು ಎಸ್. ಕೆ. ಬಾರ್ಡರ್. ಸೌತ್ ಕೆನರಾ ಗಡಿ ಎಂದರ್ಥ. ಸೌತ್ ಕೆನರಾ ಎಂಬ ಹೆಸರು ಹೋಗಿ ದಕ್ಷಿಣ ಕನ್ನಡವಾಯಿತು. 1997ರಲ್ಲಿ ಅದೂ ಒಡೆದು ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿತು. ಜಿಲ್ಲೆ ಹೋದರೂ ಬಾರ್ಡರ್ ಉಳಿದಿದೆ. ಆದರೆ ತಿಂಡಿಯ ಬಾರ್ಡರ್ ಅಲ್ಲಿಲ್ಲ, ಅದು ಘಟ್ಟ ಹತ್ತಿ, ಕುದುರೆಮುಖ ದಾಟಿ, ಸಂಸೆಯ ಈಚೆಗೂ ಬಂದು ಕೂತಿದೆ. ಇದನ್ನು ಅಳೆಯಲು ಸುಲಭದ ಉಪಕರಣ ‘ಉಂಟು’ ಎಂಬ ಕ್ರಿಯಾಪದ. “ಬನ್ಸ್ ಇದ್ಯಾ?” ಎಂದು ಕೇಳಿ. “ಉಂಟು” ಎಂದು ಉತ್ತರ ಬಂದರೆ ನೀವು ಗೋಳಿಬಜೆಯ ಸೀಮೆಯಲ್ಲಿದ್ದೀರಿ. “ಐತೆ” ಎಂದು ಬಂದರೆ ಸುಮ್ಮನೆ ಉಪ್ಪಿಟ್ಟು ಹೇಳಿ. ಹೊಸದಾಗಿ ಕನ್ನಡ ಕಲಿಯುತ್ತಿದ್ದ ಚಾರಣಿಗನೊಬ್ಬ ಮಾಣಿಯ “ಬನ್ಸ್ ಉಂಟು, ದೋಸೆ ಉಂಟು” ಕೇಳಿ, “ಹಾಗಾದ್ರೆ ಎರಡು ಉಂಟು ಕೊಡಿ” ಎಂದದ್ದು ಈ ಸಂಶೋಧನೆಯ ಕಾಲದಲ್ಲೇ. ಮಾಣಿ ಮುಖ ಬದಲಿಸದೆ ಎರಡು ಬನ್ಸ್ ತಂದಿಟ್ಟ. ಭಾಷಾಶಾಸ್ತ್ರಕ್ಕೆ ಇಂಥ ಮಾಣಿಗಳು ಇನ್ನಷ್ಟು ಬೇಕು.

ಶಬ್ದ ಪ್ರಕರಣ

ಇಡ್ಲಿಗೆ ವಂಶಾವಳಿ ಇದೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರಾಜಕಾರ್ಯದ ಜತೆಗೇ ತಿಂಡಿಯ ವಿಚಾರವನ್ನೂ ಬರೆದಿಟ್ಟ. ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲಿ ಸೂಪಶಾಸ್ತ್ರವೆಂದು ಅಡುಗೆಗೇ ಕಾವ್ಯ ಕಟ್ಟಿದ. ಇವರಲ್ಲಿ ಯಾರೂ ಬನ್ಸಿನ ಸುದ್ದಿ ಎತ್ತುವುದಿಲ್ಲ. ಸೋಡಾಪುಡಿಯೂ ಇಂಗ್ಲಿಷರೂ ಬರುವ ಮುಂಚೆ ಹುಟ್ಟಿದ್ದೇ ಅವರ ದುರದೃಷ್ಟ.

ಹೆಸರು ಇಂಗ್ಲಿಷಿನದು, ವಸ್ತು ನಮ್ಮದು. ಬೇಕರಿಯ ಬನ್ನಿಗೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಹೋಗಿಬರುವ ಬಳಕೆ ಇಲ್ಲ. ವ್ಯಾಕರಣದ ತೊಡಕು ಬೇರೆ. ಇಂಗ್ಲಿಷಿನ ಬಹುವಚನ ಕನ್ನಡಕ್ಕೆ ಬಂದು ಏಕವಚನವಾಗಿ ಕೂತಿದೆ: ‘ಒಂದು ಬನ್ಸ್’. ಎರಡಾದರೆ ‘ಎರಡು ಬನ್ಸ್’. ಹೆಚ್ಚಾದರೆ ‘ಬನ್ಸುಗಳು’. ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಇಂಥ ಶಬ್ದ ಎದುರಾಗಿದ್ದರೆ ಒಂದು ಸೂತ್ರ ಹೆಚ್ಚು ಬರೆಯುತ್ತಿದ್ದ. ಆ ಕೊರತೆಯನ್ನು ನಾನು ತುಂಬುತ್ತೇನೆ: ಇದು ಗೌರವಾರ್ಥ ಬಹುವಚನ. ದೇವರು ಒಬ್ಬರೇ ಆದರೂ ‘ದೇವರು’ ಎನ್ನುತ್ತೇವೆ. ಗುರು ಒಬ್ಬರೇ ಆದರೂ ‘ಗುರುಗಳು’. ಅದೇ ನ್ಯಾಯದಲ್ಲಿ ತಟ್ಟೆಯಲ್ಲಿ ಒಂದೇ ಇದ್ದರೂ ಬನ್ಸ್. ‘ಬನ್ಸುಗಳು’ ಎಂಬುದು ‘ಅವರುಗಳು’ ಎಂಬಂತೆ ಭಕ್ತಿ ಉಕ್ಕಿ ಹರಿದಾಗಿನ ಪ್ರಯೋಗ.

ಪೂರಿ, ಬನ್ಸ್, ಬೋಂಡ ಈ ಮೂರಕ್ಕೂ ಎಣ್ಣೆ ಒಂದೇ, ದರ್ಶನ ಬೇರೆ. ಪೂರಿ ಶೂನ್ಯವಾದಿ; ಚುಚ್ಚಿದರೆ ಒಳಗೆ ಏನೂ ಇಲ್ಲ. ಬೋಂಡ ಪೂರ್ಣವಾದಿ, ಒಳಗೆಲ್ಲ ಅದೇ. ಬನ್ಸ್ ಎರಡರ ನಡುವೆ, ಸ್ವಲ್ಪ ಟೊಳ್ಳು ಸ್ವಲ್ಪ ತಿರುಳು, ಒಪ್ಪಂದಕ್ಕೆ ಬಂದ ಗೃಹಸ್ಥನ ಹಾಗೆ.

ಶ್ರುತಿ ಪ್ರಕರಣ

ಈ ಹೋಟೆಲ್‌ಗಳ ತಿಂಡಿಪಟ್ಟಿ ಲಿಖಿತ ಗ್ರಂಥವಲ್ಲ. ಅದು ಬಾಯಿಂದ ಕಿವಿಗೆ ಹರಿದು ಬಂದದ್ದು. “ತಿಂಡಿ ಎಂತ ಉಂಟು?” ಎಂದ ಕೂಡಲೇ ಮಾಣಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ, ಒಂದೇ ಉಸಿರಿನಲ್ಲಿ, ಸಂಧಿಸಹಿತವಾಗಿ ಪಾರಾಯಣ ಮಾಡುತ್ತಾನೆ. ಮಧ್ಯೆ ತಡೆದು “ಏನಂದ್ರಿ?” ಎಂದರೆ ಮೊದಲಿಂದ ಶುರು. ನಡುವಿನಿಂದ ಹೇಳಲು ಬರುವುದಿಲ್ಲ. ವೇದಪಾಠಿಗಳಿಗೂ ಮಗ್ಗಿ ಕಲಿತ ಮಕ್ಕಳಿಗೂ ಇರುವ ಲಕ್ಷಣವೇ ಇದು.

ನಾನು ಆ ಪಾರಾಯಣವನ್ನು ಚೀಟಿಯಲ್ಲಿ ಬರೆದುಕೊಂಡು ಪ್ರಸ್ತಾರ ಹಾಕಿದೆ. ಫಲಿತಾಂಶ ಕಂಡು ಕೈಯಲ್ಲಿದ್ದ ಚಾ ಆರಿಹೋಯಿತು. “ಇಡ್ಲಿ ಬನ್ಸು ಪೂರಿ ದೋಸೆ”: ಪ್ರತಿ ಪದವೂ ಮೊದಲಕ್ಷರ ಗುರು, ಎರಡನೆಯದು ಲಘು. ಮೂರು ಮಾತ್ರೆಯ ನಾಲ್ಕು ಗಣ. ಅಪ್ಪಟ ಉತ್ಸಾಹ ರಗಳೆ! ತೊಡಕು ಬಂದದ್ದು ವಡೆಯಲ್ಲಿ. ‘ವಡೆ’ ಎರಡೇ ಮಾತ್ರೆ. ಸಾಲಿನಲ್ಲಿ ಸೇರಿಸಿದರೆ ಗಣಭಂಗ. ಮಾಣಿ ಏನು ಮಾಡುತ್ತಾನೆಂದು ಕಿವಿಗೊಟ್ಟು ಕೇಳಿದೆ. ಅವನು “ವಡೇ...” ಎಂದು ಎಳೆಯುತ್ತಾನೆ. ಲಘು, ಗುರು, ಮೂರು ಮಾತ್ರೆ, ಲೆಕ್ಕ ಚುಕ್ತಾ. ನಾಗವರ್ಮನ ಛಂದೋಂಬುಧಿಯನ್ನು ಅವನು ಓದಿರಲಾರ. ಹತ್ತು ವರ್ಷ ತಟ್ಟೆ ಹೊತ್ತ ಕಾಲಿಗೆ ತಾನಾಗಿ ಬಂದ ನಡೆ ಅದು. ಎಂ.ಎ. ತರಗತಿಯಲ್ಲಿ ಉತ್ಸಾಹ ರಗಳೆ ನನ್ನ ತಲೆಗೆ ಹೋಗಿರಲಿಲ್ಲ. ಬನ್ಸ್ ಇಟ್ಟು ಕಲಿಸಿದ್ದರೆ ಹೋಗುತ್ತಿತ್ತು.

ಶಾಸನ ಪ್ರಕರಣ

ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟದಲ್ಲಿ 1901ರಲ್ಲಿ ಹೊರತಂದರು. ಕಲ್ಲು ಓದಿದ ಆ ಮಹನೀಯರಿಗೆ ಹಲಗೆ ಓದಲು ಪುರಸೊತ್ತಾಗಲಿಲ್ಲ. ಆ ಅನುಬಂಧವನ್ನು ಇಲ್ಲಿ ಕೊಡುತ್ತಿದ್ದೇನೆ.

ಹೋಟೆಲ್ ಶಾಸನಗಳಲ್ಲಿ ಮೂರು ಬಗೆ. ಒಂದು, ನಿಷೇಧ ಶಾಸನ: ‘ಕೈತೊಳೆಯುವಲ್ಲಿ ತಟ್ಟೆ ತೊಳೆಯಬಾರದು’. ಓದಿದ ಕೂಡಲೇ ತಿಳಿಯುವುದೇನೆಂದರೆ, ಹಿಂದೊಮ್ಮೆ ಯಾರೋ ತೊಳೆದಿದ್ದಾರೆ. ಎರಡು, ಕಾಲತತ್ತ್ವ ಶಾಸನ: ‘ಇಂದು ನಗದು, ನಾಳೆ ಸಾಲ’. ಇದರ ತಾತ್ಪರ್ಯವನ್ನು ನಾಳೆ ವಿವರಿಸಲಾಗುವುದು. ಮೂರನೆಯದು ದರಪಟ್ಟಿ. ಸಂಶೋಧಕನ ಹಸಿವು ಮರೆಸುವ ವಸ್ತು ಇಲ್ಲಿದ್ದರೆ ಅದು ಇದೇ.

ನೀಲಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ತಿಂಡಿಯ ಹೆಸರು, ಎದುರಿಗೆ ಬೆಲೆ. ಹೆಸರು ಮೂಲದ್ದೇ, ಬೆಲೆಯ ಮೇಲೆ ಮಾತ್ರ ಕಾಗದದ ಚೀಟಿ. ಆ ಚೀಟಿಯ ಕೆಳಗೆ ಇನ್ನೊಂದು. ಬನ್ಸಿನ ಎದುರಿನ ಚೀಟಿಯ ಮೂಲೆ ಮಳೆಗಾಲದ ಥಂಡಿಗೆ ಎದ್ದು ನಿಂತಿತ್ತು. ಯಾರೂ ನೋಡದ ಹೊತ್ತಿನಲ್ಲಿ ಉಗುರು ತೂರಿಸಿ ಸ್ವಲ್ಪ ಎತ್ತಿದೆ. ಕೆಳಗೆ ಹಳದಿ ಕಾಗದ, ಅದರ ಕೆಳಗೆ ಕೆಂಪು ಶಾಯಿ, ಅದಕ್ಕೂ ಕೆಳಗೆ ಮೂಲ ಬಣ್ಣದಲ್ಲಿ ‘6-00’. ನಾಲ್ಕು ಸ್ತರ! ಹರಪ್ಪದಲ್ಲಿ ಅಗೆದವರಿಗೆ ಹೀಗೇ ಆಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಗಲ್ಲಾದಿಂದ ಭಟ್ಟರು, “ಅದು ಹಳೇ ರೇಟು. ಆಗುದಿಲ್ಲ” ಎಂದರು. ಆರು ರೂಪಾಯಿಗೆ ಕೇಳುತ್ತಿದ್ದೇನೆಂದು ಅವರು ತಿಳಿದದ್ದು ನನ್ನ ಪಾಂಡಿತ್ಯಕ್ಕೆ ಬಿದ್ದ ದೊಡ್ಡ ಪೆಟ್ಟು. ತಿಳಿಸಿ ಹೇಳಿದರೆ ಇನ್ನೂ ದೊಡ್ಡ ಪೆಟ್ಟು ಬೀಳುತ್ತದೆಂದು ಚೀಟಿಯನ್ನು ಎಂಜಲು ಹಚ್ಚಿ ಮರಳಿ ಅಂಟಿಸಿದೆ.

ಪ್ರಾಚೀನ ದಾನಶಾಸನಗಳ ಕೊನೆಗೆ ಶಾಪಾಶಯ ಇರುತ್ತದೆ. ಧರ್ಮಕ್ಕೆ ಅಳುಪಿದವನು ಇಂಥಿಂಥ ಪಾಪಕ್ಕೆ ಹೋಗುತ್ತಾನೆ ಎಂದು. ದರಪಟ್ಟಿಯ ಕೊನೆಯ ಸಾಲು ಅದರ ವಾರಸುದಾರ: ‘ನೆಟ್‌ವರ್ಕ್ ಇದ್ದ ದಿನ ಮಾತ್ರ ಫೋನ್ ಪೇ’. ಆ ಶಾಪಕ್ಕೆ ಒಳಗಾದ ನಾಲ್ವರು ತರುಣರು ಬಿಲ್ಲು ಕೊಡಲಾಗದೆ ಹೊರಗೆ ನಡುರಸ್ತೆಯಲ್ಲಿ ಫೋನ್ ಎತ್ತಿಹಿಡಿದು ಊರ್ಧ್ವಬಾಹುಗಳಾಗಿ ತಪಸ್ಸು ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬನಿಗೆ ಸಿಗ್ನಲ್ ಪ್ರತ್ಯಕ್ಷವಾಯಿತು. ಉಳಿದ ಮೂವರು ಅವನ ಕಾಲಿಗೆ ಬೀಳುವುದೊಂದು ಬಾಕಿ.

ಪೂರ್ವಪಕ್ಷಗಳು

ಈ ಮತಕ್ಕೆ ವಿರೋಧವೇ ಇಲ್ಲವೆಂದಲ್ಲ.

ಮೊದಲನೆಯದು ಕೊಟ್ಟಿಗೆಹಾರ ಪ್ರಸ್ಥಾನ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಆ ಊರು ನೀರ್‌ದೋಸೆಗೆ ಹೆಸರಾದದ್ದು. ಘಟ್ಟ ಇಳಿಯುವವರೂ ಹತ್ತುವವರೂ ಅಲ್ಲಿ ನಿಂತು, ನಾಲ್ಕಾಗಿ ಮಡಿಸಿದ ಬಿಳಿ ಕರವಸ್ತ್ರದಂಥ ದೋಸೆಯನ್ನು ಎಣಿಸದೆ ತಿನ್ನುತ್ತಾರೆ. ಹುಳಿ ಬರಿಸುವುದಿಲ್ಲ, ಮಗುಚುವುದಿಲ್ಲ, ಸೌಟಿನಿಂದ ಹರಡುವುದೂ ಇಲ್ಲ. ಅಕ್ಕಿ, ಕಾಯಿ, ನೀರು, ಕಾದ ಕಾವಲಿ ಅಷ್ಟೇ. ಇಷ್ಟು ನಿರಾಡಂಬರ ವಸ್ತುವಿನ ಬಗ್ಗೆ ವಾದ ಮಾಡಲು ಹಿಡಿಕೆಯೇ ಸಿಗುವುದಿಲ್ಲ. ಆದ್ದರಿಂದ ಅವರು ಗೆದ್ದಂತೆ ಕಾಣುತ್ತದೆ. ನಾನು ಕೇಳುವುದು ಒಂದೇ: ನೀರ್‌ದೋಸೆಯನ್ನು ಕಾಗದದಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡು ಕುದುರೆಮುಖದ ಸುಮಾರು 1,890 ಮೀಟರ್ ಎತ್ತರದ ನೆತ್ತಿಗೆ ಹತ್ತಲು ಬರುತ್ತದೆಯೇ? ಬನ್ಸ್ ಆದರೆ ಬರುತ್ತದೆ. ಸಂಸೆಯಿಂದ ಜೀಪು ಹಿಡಿದು ಮುಳ್ಳೋಡಿಯ ಕಡೆ ಹೋಗುವವರ ಚೀಲ ಬಿಚ್ಚಿಸಿ ನೋಡಿ.

ಎರಡನೆಯದು ದೈವಿಕ ಆಕ್ಷೇಪ. ಹತ್ತಿರದ ಹೊರನಾಡಿನಲ್ಲಿ ಸಾಕ್ಷಾತ್ ಅನ್ನಪೂರ್ಣೇಶ್ವರಿ ಇದ್ದಾಳೆ. ಬಂದ ಯಾರೂ ಉಣ್ಣದೆ ಹೋಗಬಾರದೆಂಬುದು ಅಲ್ಲಿಯ ನಡೆ. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದ ಚಿತ್ರ ಮಳೆಗಾಲದ ಪೇಪರಿನಲ್ಲಿ ಬಂದರೂ ಭಕ್ತರು ಬೇರೆ ದಾರಿ ಹುಡುಕಿ ಹೋಗುತ್ತಾರೆ. ಜಗತ್ತಿಗೇ ಅನ್ನವಿಕ್ಕುವವಳು ಇಷ್ಟು ಹತ್ತಿರ ಇರುವಾಗ ದುಡ್ಡು ಕೊಟ್ಟು ತಿನ್ನುವ ಹೋಟೆಲ್ ಬದುಕಿದ್ದಾದರೂ ಹೇಗೆ? ಈ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮೇಜಿನವರು “ಸಾಂಬಾರಿಗೆ ಉಪ್ಪು ಜಾಸ್ತಿ, ಇಡ್ಲಿ ಗಟ್ಟಿ, ನೀರು ಬಿಸಿ ಇಲ್ಲ” ಎಂದು ಉದ್ದಕ್ಕೂ ಗೊಣಗುತ್ತಾ ಒಂಬತ್ತು ಇಡ್ಲಿ ತಿಂದದ್ದನ್ನು ಕಂಡಾಗ ಉತ್ತರ ಹೊಳೆಯಿತು. ಪ್ರಸಾದದ ಪಂಕ್ತಿಯಲ್ಲಿ ಗೊಣಗುವಂತಿಲ್ಲ. ಹೋಟೆಲ್‌ನಲ್ಲಿ ನಾವು ದುಡ್ಡು ಕೊಡುವುದು ಆ ಹಕ್ಕಿಗೆ. ತಿಂಡಿ ಅದರ ಜತೆ ಬಿಟ್ಟಿ ಬರುತ್ತದೆ.

ಮೂರನೆಯದು ಕಾಫಿ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಸಿದ್ಧಾಂತಕ್ಕೆ ಮುಜುಗರವಿದೆ. ಬಾಬಾಬುಡನ್ ಏಳು ಬೀಜ ತಂದು ನೆಟ್ಟರೆಂಬ ಐತಿಹ್ಯ ಈ ಜಿಲ್ಲೆಯದು, 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನದು. ಆದರೆ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ, ಉಳಿದದ್ದಕ್ಕೆ ಚಿಕೋರಿ ಜತೆಯಾಗುತ್ತದೆ. ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆ ಇರಬಾರದೆಂದು ಕಾನೂನು. ಎರಡೇ ಎರಡು ಅಂಕದ ಬಹುಮತದ ಸರ್ಕಾರ ಎಷ್ಟು ಗಟ್ಟಿಯಾಗಿರುತ್ತದೆಂದು ಲೋಟ ಎತ್ತಿದವರಿಗೆಲ್ಲ ಗೊತ್ತು. ಸಂಸೆಯೋ, ಕಾಫಿ ಸೀಮೆಯ ನಡುವೆ ಚಹಾ ತೋಟ ಇಟ್ಟುಕೊಂಡಿರುವ ಊರು. ಕಳಸದ ರಸ್ತೆಯಲ್ಲಿ ಹಸಿರು ಚಾಪೆ ಹಾಸಿದ ಹಾಗೆ ಕಾಣುತ್ತದೆ. ಬುದ್ಧಿವಂತರು ಇಲ್ಲಿ ಚಾ ಹೇಳುತ್ತಾರೆ. ಕಾಫಿ ಬೇಕಾದವರು ಯಾರಾದರೂ ತೋಟದ ಮನೆಯವರ ಸ್ನೇಹ ಮಾಡಬೇಕು.

ಅಭಾವ ಪ್ರಕರಣ

ಈಗ ಪ್ರಮಾಣ ವಿಚಾರ. ಈ ವಿಷಯದಲ್ಲಿ ನನಗೆ ಮೊದಲು ದೊರೆತದ್ದು ಶಬ್ದಪ್ರಮಾಣ. ಹೆಂಡತಿಯ ತಮ್ಮ ಫೋನಿನಲ್ಲಿ, “ಭಾವ, ಆ ಕಡೆ ಹೋದ್ರೆ ಬನ್ಸ್ ಬಿಡ್ಬೇಡಿ” ಎಂದ. ಆಪ್ತವಾಕ್ಯವೆಂದು ನಂಬಿ ಹೊರಟೆ. ಮುಟ್ಟಿದಾಗ ಹತ್ತೂಕಾಲು. ಕಾದ ಎಣ್ಣೆಯ ವಾಸನೆ, ಜೀರಿಗೆಯ ಪರಿಮಳ, ಖಾಲಿ ತಟ್ಟೆಗಳಲ್ಲಿ ಸಕ್ಕರೆ ಕಂದಿದ ಪುಡಿ. ಇವೆಲ್ಲ ಅನುಮಾನ ಪ್ರಮಾಣ. ಬನ್ಸ್ ಇತ್ತೆಂದು ಸಂದೇಹಾತೀತವಾಗಿ ಸಿದ್ಧವಾಯಿತು. ಹೇಗಿರುತ್ತದೆ ಎಂದು ಮಾಣಿಯನ್ನು ಕೇಳಿದ್ದಕ್ಕೆ, “ಪೂರಿ ಇಲ್ವಾ, ಹಾಗೇ. ಆದ್ರೆ ಪೂರಿ ಅಲ್ಲ” ಎಂದ. ಉಪಮಾನ ಪ್ರಮಾಣವೂ ಆಯಿತು. ಆಮೇಲೆ ಭಟ್ಟರು ಆ ಎರಡು ಶಬ್ದ ನುಡಿದರು: “ಬನ್ಸ್ ಖಾಲಿ.”

ಒಂದು ವಸ್ತು ಇಲ್ಲ ಎಂಬ ಜ್ಞಾನ ಹೇಗೆ ಬರುತ್ತದೆ ಎಂಬುದು ನಮ್ಮ ದಾರ್ಶನಿಕರಲ್ಲಿ ಹಳೆಯ ಜಗಳ. ಕುಮಾರಿಲ ಭಟ್ಟರ ಮತದವರು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ. ಪ್ರಭಾಕರನ ಮತದವರು ಒಪ್ಪುವುದಿಲ್ಲ. ಸಂಸೆಯಲ್ಲಿ ಗೆದ್ದದ್ದು ಭಾಟ್ಟ ಮತವೇ. ಗಲ್ಲಾದ ಮೇಲಿನ ಭಟ್ಟರು ಬೆಳಿಗ್ಗೆ ಒಂಬತ್ತೂವರೆಯ ಮೇಲೆ ಬೇರೆ ಯಾವ ಪ್ರಮಾಣವನ್ನೂ ಮನ್ನಿಸುವುದಿಲ್ಲ. ಒಳಗೆ ಇಣುಕಿ “ಒಂದಾದ್ರೂ?” ಎಂದವನು ನಾನು ಪ್ರಾಭಾಕರ.

ಎರಡನೆಯ ಸಲ ತಡವಾದದ್ದು ದಾರಿಯ ತಪ್ಪು. ಹಟ ಹಿಡಿದು ಸಂಜೆಯ ತನಕ ಅಲ್ಲೇ ಕೂತೆ. ನಾಲ್ಕು ಗಂಟೆಗೆ ಮಳೆ ಹಿಡಿದುಕೊಂಡಿತು. ಶಾಲೆ ಬಿಟ್ಟ ಮಕ್ಕಳು ಜಗಲಿಗೆ ಬಂದು ನಿಂತವು. ಬಾಣಲೆಗೆ ಗೋಳಿಬಜೆ ಬಿತ್ತು. ಮೊಸರಲ್ಲಿ ಕಲಸಿದ ಮೈದಾ, ಶುಂಠಿ, ಹಸಿಮೆಣಸು, ಹಲ್ಲಿಗೆ ಸಿಗುವ ಕಾಯಿಚೂರು. ಕೈಯಿಂದ ಬಿಡುವುದರಿಂದ ಒಂದೊಂದಕ್ಕೂ ಒಂದು ಸಣ್ಣ ಬಾಲ. ಬೆರಳು ಕೈಬಿಟ್ಟ ಗುರುತು. ಬಾಲ ಇಲ್ಲದ್ದು ಯಂತ್ರದ್ದು, ನಂಬಬೇಡಿ. ಬೆಂಗಳೂರಲ್ಲಿ ಇದಕ್ಕೆ ಮಂಗಳೂರು ಬಜ್ಜಿ ಎನ್ನುತ್ತಾರೆ. ಮಂಗಳೂರಲ್ಲಿ ಹಾಗಂದರೆ ಮುಖ ನೋಡುತ್ತಾರೆ. ಎಣ್ಣೆಗೆ ಹಾಕುವ ಹೊತ್ತನ್ನು ಹಿಂದೆ ಬಸ್ಸಿನ ಹಾರ್ನು ಗೊತ್ತುಮಾಡುತ್ತಿತ್ತಂತೆ. ಮಲೆನಾಡಿನಲ್ಲಿ ಬಸ್ಸೇ ಗಡಿಯಾರ. ಕಾರ್ಮಿಕರೇ ಸೇರಿ ಕಟ್ಟಿ 1991ರಿಂದ ಓಡಿಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಎಷ್ಟು ಊರಿನ ಬಾಣಲೆಗಳ ಗಡಿಯಾರ ಕೆಟ್ಟಿತೋ. ಅದಕ್ಕೂ ಮುಂಚೆ, 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿ ನಿಂತಿತ್ತು. ದೇಶದ ಮೂಲೆಮೂಲೆಯ ಜನ ಕೂಡಿದ್ದ ಟೌನ್‌ಶಿಪ್ಪು ಬರಿದಾಯಿತು. ಕಬ್ಬಿಣದ ಅದಿರಿನ ಲೆಕ್ಕ ಕಡತಗಳಲ್ಲಿದೆ. ಕಡಿಮೆಯಾದ ಚಾದ ಲೆಕ್ಕ ಯಾರೂ ಇಟ್ಟಿಲ್ಲ.

ಮೂರನೆಯ ಸಲ ಜುಲೈ. ಮಳೆ ಅಂದರೆ ಮಳೆ. ಹೊಸ್ತಿಲಲ್ಲಿ ನಿಂತ ನನ್ನನ್ನು ನೋಡಿದ ಕೂಡಲೇ ಭಟ್ಟರು ತಲೆಯಾಡಿಸಿದರು; ‘ಖಾಲಿ’ ಎಂದು ಹೇಳುವ ಗೋಜಿಗೂ ಹೋಗಲಿಲ್ಲ. ನನ್ನ ಪ್ಯಾಂಟಿನಿಂದ ನೀರು ಇಳಿದು ಅವರ ಸಿಮೆಂಟು ನೆಲದಲ್ಲಿ ಹೊಳೆಯಾಗಿತ್ತು. ಒಳಗಿನಿಂದ ಹೆಂಗಸರ ದನಿ, “ಯಾರದು, ಮೊನ್ನೆ ಚೀಟಿ ಕಿತ್ತವರಾ?” ಭಟ್ಟರು, “ಹೌದು, ಅವರೇ. ಗಂಜಿ ಉಂಟಲ್ಲ, ಆಗ್ತದಾ ಕೇಳು” ಎಂದರು. ಒಳಜಗಲಿಯಲ್ಲಿ ಕೂರಿಸಿ, ಸ್ಟೀಲಿನ ಬೋಗುಣಿಯಲ್ಲಿ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಕರಗುತ್ತಿರುವ ಒಂದು ಚಮಚ ತುಪ್ಪ, ಪಕ್ಕಕ್ಕೆ ಕಳಲೆ ಪಲ್ಯ, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ ಕೊಟ್ಟರು. ಭಟ್ಟರು ಎದುರಿಗೆ ಅದನ್ನೇ ಉಣ್ಣುತ್ತಿದ್ದರು. ದುಡ್ಡು ಕೊಡಲು ಹೋದರೆ, “ಗಂಜಿಗೆ ಎಂತ ದುಡ್ಡು” ಎಂದರು.

ಈ ಪದಾರ್ಥವನ್ನು ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲು ನಾನು ನಿರ್ಧರಿಸಿದ್ದೇನೆ. ಅದು ಮಾಣಿಯ ಪಾರಾಯಣದಲ್ಲಿ ಇಲ್ಲ, ದರಪಟ್ಟಿಯಲ್ಲಿ ಇಲ್ಲ, ಅದಕ್ಕೆ ಬಿಲ್ಲೂ ಆಗಲಿಲ್ಲ. ಹುಡುಕಿಕೊಂಡು ಹೋದವರಿಗೆ ಸಿಗುವಂಥದೂ ಅಲ್ಲ. ಮೂರು ಸಲ ನಪಾಸಾಗಬೇಕು, ಚೀಟಿ ಕೀಳಬೇಕು, ನೆನೆಯಬೇಕು. ಇಂಥದ್ದನ್ನು ಒಳಗೆ ಬಿಟ್ಟರೆ ಇಲ್ಲಿಯವರೆಗೆ ಕಟ್ಟಿದ ಶಾಸ್ತ್ರವೆಲ್ಲ ಕುಸಿಯುತ್ತದೆ.

ಪ್ರತ್ಯಕ್ಷ ಪ್ರಕರಣ

ಇದೇ ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ‘ಕರ್ವಾಲೊ’ ಕೊಟ್ಟರು. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ಆ ತಂಡದಲ್ಲಿ ವಿಜ್ಞಾನಿಯೂ ಇದ್ದರು, ಬಿರಿಯಾನಿ ಕರಿಯಪ್ಪನೂ ಇದ್ದ. ಮಲೆನಾಡಿನ ಯಾವ ಸಂಶೋಧನೆಗೂ ಈ ಎರಡು ಹುದ್ದೆ ಅಗತ್ಯ. ನನ್ನ ತಂಡದಲ್ಲಿ ಕರಿಯಪ್ಪನ ಸ್ಥಾನಕ್ಕೆ ಜನ ಮೇಲಿಂದ ಮೇಲೆ ಬಿದ್ದರು. ವಿಜ್ಞಾನಿಯ ಹುದ್ದೆ ಇನ್ನೂ ಖಾಲಿ ಇದೆ.

ನಾಲ್ಕನೆಯ ಸಲ ಹಿಂದಿನ ರಾತ್ರಿಯೇ ಹೋಗಿ ಉಳಿದೆ. ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿದ್ದೆ. ಒಳಗಿನ ಮೂಲೆಯಲ್ಲಿ ರಾತ್ರಿ ಕಲಸಿಟ್ಟ ಹಿಟ್ಟು, ಒದ್ದೆ ಬಟ್ಟೆ ಮುಚ್ಚಿಕೊಂಡು, ಮಲಗಿದ್ದವರು ಮಗ್ಗುಲು ಬದಲಿಸಿದ ಹಾಗೆ ಉಬ್ಬಿತ್ತು. ಅದಕ್ಕೆ ಹಾಕುವುದು ಅಂಗಡಿಯಲ್ಲಿ ಯಾರೂ ಕೊಳ್ಳದ, ಸಿಪ್ಪೆ ಕಪ್ಪಾದ ಬಾಳೆಹಣ್ಣು. ಹಣ್ಣು ಎಷ್ಟು ಕಳಿತರೆ ಬನ್ಸಿಗೆ ಅಷ್ಟು ಮೇಲು. ಕಿವುಚಿದ ಹಣ್ಣಿಗೆ ಸಕ್ಕರೆ, ಹುಳಿ ಮೊಸರು, ಚಿಟಿಕೆ ಸೋಡ, ಉಪ್ಪು, ಜೀರಿಗೆ, ಹಿಡಿಸಿದಷ್ಟು ಮೈದಾ. ನೀರು ಹಾಕುವುದಿಲ್ಲ. ಪೂರಿಗಿಂತ ದಪ್ಪ ಲಟ್ಟಿಸಿ ಬಿಟ್ಟಾಗ ಬನ್ಸ್ ಒಂದು ಗಳಿಗೆ ಎಣ್ಣೆಯ ತಳದಲ್ಲಿ ಕೂತು ಯೋಚಿಸಿತು. ಆಮೇಲೆ ಎದ್ದು ಬಂತು. ಜಾಲರಿ ಸೌಟಿನ ಬೆನ್ನಿಂದ ತಲೆ ಸವರಿದ ಕೂಡಲೇ ಹೊಟ್ಟೆ ಉಬ್ಬಿಸಿ ತಾನಾಗಿ ಮಗುಚಿಕೊಂಡಿತು. ಅಂಚು ಕಾಫಿಬಣ್ಣ, ನಡುವೆ ಜೇನುಬಣ್ಣ.

ಮಾಣಿ ಎರಡು ತಂದಿಟ್ಟ. ಹೆಬ್ಬೆರಳಲ್ಲಿ ಒತ್ತಿದೆ, ತಗ್ಗಿ, ಮೆಲ್ಲಗೆ ಮೇಲೆದ್ದಿತು. ಮುರಿದಾಗ ಹಬೆ ಕನ್ನಡಕಕ್ಕೆ ಹತ್ತಿ ಮುಂದಿನ ಅರ್ಧ ನಿಮಿಷದ ಸಂಶೋಧನೆ ಕುರುಡಾಗಿಯೇ ನಡೆಯಿತು. ಒಳಗೆ ಜೇನುಗೂಡಿನ ಹಾಗೆ ಬಲೆ, ಸಿಹಿ ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ, ಅದರ ಬೆನ್ನಿಗೆ ಚಟ್ನಿಯ ಖಾರ. ಸಮವಾಯವೋ ಸಂಯೋಗವೋ ಎಂಬ ಚರ್ಚೆಗೆ ಆ ಹೊತ್ತಿನಲ್ಲಿ ಪುರಸೊತ್ತು ಇರಲಿಲ್ಲ. ಇನ್ನೆರಡು ಹೇಳಿದೆ. ಆಮೇಲೆ ಇನ್ನೊಂದು. ಟಿಪ್ಪಣಿ ಪುಸ್ತಕದ ಆ ಪುಟದಲ್ಲಿ ಒಂದು ಎಣ್ಣೆಯ ಕಲೆ ಬಿಟ್ಟರೆ ಏನೂ ಬರೆದಿಲ್ಲ.

ಹಸ್ತಪ್ರತಿ ಓದಿದ ಹೆಂಡತಿ, “ಇಷ್ಟು ಬರೆಯೋ ಹೊತ್ತಿಗೆ ಮನೇಲೇ ಮಾಡಿಕೊಡ್ತಿದ್ದೆ” ಎಂದಳು. ಮಾಡಿಯೂ ಕೊಟ್ಟಳು. ಚೆನ್ನಾಗಿತ್ತು. ಗೊಣಗುವ ಹಕ್ಕು ಮಾತ್ರ ಇರಲಿಲ್ಲ.

ಈ ಶಾಸ್ತ್ರದಲ್ಲಿ ಶಂಕೆ ಉಳ್ಳ ವಿದ್ವಾಂಸರು ಪತ್ರ ಬರೆಯಬೇಕಾಗಿಲ್ಲ. ಬನ್ಸ್ ಏಳರಿಂದ ಒಂಬತ್ತೂವರೆ ತನಕ, ಶನಿವಾರ–ಭಾನುವಾರ ಎಂಟಕ್ಕೇ ಮುಗಿಯುತ್ತದೆ. ನೆಟ್‌ವರ್ಕ್ ನಂಬಿ ಹೋಗಬೇಡಿ, ಚಿಲ್ಲರೆ ತನ್ನಿ. ಬನ್ಸಿನ ಎದುರಿನ ಚೀಟಿಯನ್ನು ದಯವಿಟ್ಟು ಯಾರೂ ಕೀಳಬಾರದು. ಎಂಜಲಿನ ಅಂಟು ಹೆಚ್ಚು ದಿನ ತಡೆಯುವುದಿಲ್ಲ.